ನಿಲ್ಲಿಸುವ ತಂತಿಯನ್ನು ಮೊದಲು ಜೋಡಿಸಿ

ಈಶಾನ್ಯ ಮಾರುತದ ಮಳೆ ಹತ್ತಿರವಾಗುತ್ತಿದ್ದಂತೆ ಚೆನ್ನೈಯಲ್ಲಿ ಬೋಟುಗಳ ಲೆಕ್ಕ ಶುರುವಾಗುತ್ತದೆ. ಯಾವ ವಲಯಕ್ಕೆ ಎಷ್ಟು ಬೋಟು, ಎಷ್ಟು ಪಂಪು, ಎಷ್ಟು ಪರಿಹಾರ ಕೇಂದ್ರ ಎಂದು ಪತ್ರಿಕೆಗಳಲ್ಲಿ ಪಟ್ಟಿ ಬರುತ್ತದೆ. ಪೆರುಂಗುಡಿಯಲ್ಲಿ ಮನೆ ಮಾಡಿಕೊಂಡಿರುವ ನನ್ನಂಥವರು ಈ ಪಟ್ಟಿಯನ್ನು ಮನಸ್ಸಿಟ್ಟು ಓದುತ್ತೇವೆ, ಏಕೆಂದರೆ ಆ ಬೋಟುಗಳಲ್ಲೊಂದು ನಮ್ಮ ಬೀದಿಗೇ ಬರಬೇಕಾಗಬಹುದು. ಎಷ್ಟು ಅಶ್ವಶಕ್ತಿಯ ಎಂಜಿನ್, ಎಷ್ಟು ಜನ ಕೂರಬಹುದು ಎಂಬುದೂ ಕೆಲವೊಮ್ಮೆ ಪಟ್ಟಿಯಲ್ಲಿರುತ್ತದೆ. ನಾನು ಓದಿದ ಯಾವ ಪಟ್ಟಿಯಲ್ಲೂ ಇಲ್ಲದ ಪ್ರಶ್ನೆ ಒಂದೇ: ಬೇಕೆಂದ ಕ್ಷಣದಲ್ಲಿ ಆ ಎಂಜಿನ್ ನಿಲ್ಲುತ್ತದೆಯೇ?

ಪ್ರಶ್ನೆ ವಿಚಿತ್ರವೆನಿಸಬಹುದು. ಎಂಜಿನ್ ಬಗ್ಗೆ ನಮ್ಮ ಆತಂಕವೆಲ್ಲ ಅದು ಸ್ಟಾರ್ಟ್ ಆಗುತ್ತದೋ ಇಲ್ಲವೋ ಎಂಬುದರದ್ದು. ಕೀ, ಬಟನ್, ಚೋಕ್, ಬ್ಯಾಟರಿ ಎಲ್ಲವೂ ಆ ಆತಂಕಕ್ಕೆ ಉತ್ತರಗಳೇ. ಆದರೆ ಬೋಟಿನ ಹಿಂಬದಿಗೆ ನೇತುಹಾಕುವ ಔಟ್‌ಬೋರ್ಡ್ ಎಂಜಿನ್‌ನಲ್ಲಿ ಸ್ಟಾರ್ಟ್ ಮಾಡಲು ಮೂರು ನಾಲ್ಕು ದಾರಿಗಳಿರುತ್ತವೆ, ನಿಲ್ಲಿಸುವ ಕೆಲಸ ಮಾತ್ರ ಹೆಚ್ಚಾಗಿ ಒಂದೇ ಒಂದು ಸಣ್ಣ ತಂತಿಯ ಮೇಲೆ ನಿಂತಿರುತ್ತದೆ. ಆ ತಂತಿ ತುಂಡಾದರೆ ಯಾರಿಗೂ ಗೊತ್ತಾಗುವುದಿಲ್ಲ. ಎಂಜಿನ್ ಎಂದಿನಂತೆ ಓಡುತ್ತಿರುತ್ತದೆ. ನಿಲ್ಲಿಸಬೇಕಾದಾಗಲೇ ಅದು ಗೊತ್ತಾಗುವುದು. ಬೋಟು ಕೊಳ್ಳುವ ಸರ್ಕಾರಗಳೂ ಸಂಘಗಳೂ ಎಂಜಿನ್ನಿನ ಬೆಲೆಗೆ ತಲೆ ಕೆಡಿಸಿಕೊಳ್ಳುವಷ್ಟೇ ಈ ತಂತಿಗೂ ತಲೆ ಕೆಡಿಸಿಕೊಳ್ಳಬೇಕು ಎಂಬುದು ನನ್ನ ವಾದ.

ಆಫೀಸುಗಳ ಊರಿಗೆ ಬೋಟು ಯಾಕೆ

ಬೆಂಗಳೂರಿನಿಂದ ಕೆಲಸಕ್ಕೆಂದು ಬಂದು ಇಲ್ಲಿ ನೆಲೆಸಿದ ಕನ್ನಡದವರಿಗೆ ಪೆರುಂಗುಡಿ ಎಂದರೆ ಹಳೆ ಮಹಾಬಲಿಪುರಂ ರಸ್ತೆಯ ಬದಿಯ ಗಾಜಿನ ಕಟ್ಟಡಗಳು, ಕ್ಯಾಬುಗಳು, ಹಾಸ್ಟೆಲುಗಳು. ನಕ್ಷೆ ತೆರೆದು ನೋಡಿದರೆ ಬೇರೆಯೇ ಊರು ಕಾಣುತ್ತದೆ. ಪಶ್ಚಿಮಕ್ಕೆ ಪಳ್ಳಿಕರಣೈ ಜೌಗು. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ, 1,200 ಹೆಕ್ಟೇರಿಗೂ ಮಿಕ್ಕ ನೀರಿನ ನೆಲ ಅದು. ಅದರ ಒಂದು ಪಾಲಿನ ಮೇಲೆ ನಗರದ ಕಸದ ಗುಡ್ಡ ಕೂತಿದೆ. ಪೂರ್ವಕ್ಕೆ ಬಕಿಂಗ್‌ಹ್ಯಾಮ್ ಕಾಲುವೆ, ಅದರಾಚೆ ಕೊಟ್ಟಿವಾಕ್ಕಂ, ಪಾಲವಾಕ್ಕಂ, ನೀಲಾಂಕರೈಯ ಮೀನುಗಾರರ ಕುಪ್ಪಂಗಳು, ಆಮೇಲೆ ಸಮುದ್ರ. ದಕ್ಷಿಣ ಚೆನ್ನೈಯ ಹತ್ತಾರು ಕೆರೆಗಳ ಹೆಚ್ಚುವರಿ ನೀರು ಈ ಜೌಗಿಗೆ ಬಂದು, ಒಕ್ಕಿಯಂ ಮಡುವಿನ ಮೂಲಕ ಕಾಲುವೆ ಸೇರಿ, ತೆಂಕಣ ದಿಕ್ಕಿಗೆ ಕೋವಳಂ ಅಳಿವೆಯವರೆಗೆ ಹೋಗಬೇಕು. ದಾರಿಯಲ್ಲಿ ಎಲ್ಲಿ ಕಟ್ಟಿಕೊಂಡರೂ ನೀರು ನಿಲ್ಲುವುದು ನಮ್ಮ ಬೀದಿಗಳಲ್ಲೇ.

2015ರ ಡಿಸೆಂಬರ್ 1ರ ಮಳೆಯನ್ನು ಇಲ್ಲಿನವರು ಮರೆಯುವಂತಿಲ್ಲ. ತಾಂಬರಂನಲ್ಲಿ ಒಂದೇ ದಿನಕ್ಕೆ 49 ಸೆಂಟಿಮೀಟರ್ ಸುರಿಯಿತು. ಆಗ ಕುಪ್ಪಂಗಳ ಮೀನುಗಾರರು ತಮ್ಮ ಫೈಬರ್ ದೋಣಿಗಳನ್ನು ಲಾರಿಗೆ ಹೇರಿಕೊಂಡು ಬಂದು ಬಡಾವಣೆಗಳಲ್ಲಿ ಇಳಿಸಿದರು. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ಅದೇ ನೋಟ ಮತ್ತೆ ಕಂಡಿತು. ಪೆರುಂಗುಡಿಗೆ ಕೆಲವೇ ಕಿಲೋಮೀಟರ್ ದಕ್ಷಿಣದ ಕಾರಪಾಕ್ಕಂನಲ್ಲಿ ನಟ ವಿಷ್ಣು ವಿಶಾಲ್ ಅವರನ್ನೂ ಅವರ ಜೊತೆ ಸಿಕ್ಕಿಕೊಂಡಿದ್ದ ಆಮಿರ್ ಖಾನ್ ಅವರನ್ನೂ ಬೋಟಿನಲ್ಲಿ ಕರೆತಂದ ಚಿತ್ರವನ್ನು ನೀವೂ ನೋಡಿರುತ್ತೀರಿ. ನೆರೆಯ ಕೇರಳದಲ್ಲಿ 2018ರ ಆಗಸ್ಟ್ ಪ್ರವಾಹದ ಹೊತ್ತಿಗೆ ಮೀನುಗಾರರ 669 ದೋಣಿಗಳು ಇಳಿದು 65 ಸಾವಿರ ಜನರನ್ನು ಪಾರುಮಾಡಿದವೆಂದು ಅಲ್ಲಿನ ಸರ್ಕಾರದ ಲೆಕ್ಕ.

ಇಂಥ ಹೊತ್ತಿನಲ್ಲಿ ನೀರಿಗಿಳಿಯುವ ಬೋಟುಗಳಲ್ಲಿ ಎರಡು ಜಾತಿ. ಚೆನ್ನೈ ಕರಾವಳಿಯ ಮೀನುಗಾರರ ಫೈಬರ್ ದೋಣಿಗಳಲ್ಲಿ ಹೆಚ್ಚಿನವಕ್ಕೆ ಉದ್ದ ಬಾಲದ ಡೀಸೆಲ್ ಎಂಜಿನ್ ಇರುತ್ತದೆ. ಕೈಯಿಂದ ತಿರುಗಿಸಿ ಸ್ಟಾರ್ಟ್ ಮಾಡುವಂಥದ್ದು. ಡೀಸೆಲ್‌ಗೆ ಕಿಡಿ ಬೇಡ, ಹಾಗಾಗಿ ಇಗ್ನಿಷನ್ ತಂತಿಯೂ ಬೇಡ. ಎಣ್ಣೆ ಕಟ್ಟಿದರೆ ನಿಲ್ಲುತ್ತದೆ. ಎರಡನೆಯದು ರಕ್ಷಣಾ ಪಡೆಗಳು ತರುವ ಗಾಳಿ ತುಂಬುವ ಬೋಟು, ಅದರ ಬೆನ್ನಿಗೆ ಪೆಟ್ರೋಲ್ ಔಟ್‌ಬೋರ್ಡ್. ಸಂಘ ಸಂಸ್ಥೆಗಳು, ರೆಸಾರ್ಟುಗಳು ಕೊಳ್ಳುವುದೂ ಇದನ್ನೇ. ನನ್ನ ಮಾತು ಈ ಎರಡನೆಯದರ ಬಗ್ಗೆ.

ಕಾರಿನ ಬುದ್ಧಿ ಇಲ್ಲಿ ನಡೆಯುವುದಿಲ್ಲ

ಕಾರಿನ ಕೀ ತಿರುಗಿಸಿ ಆಫ್ ಮಾಡಿದಾಗ ಇಗ್ನಿಷನ್‌ಗೆ ಹೋಗುವ ಕರೆಂಟು ಕಡಿಯುತ್ತದೆ, ಎಂಜಿನ್ ನಿಲ್ಲುತ್ತದೆ. ಮನೆಯ ಸ್ವಿಚ್ಚಿನ ಬುದ್ಧಿಯೂ ಇದೇ: ಕೂಡಿಸಿದರೆ ಓಡುತ್ತದೆ, ಕಡಿದರೆ ನಿಲ್ಲುತ್ತದೆ. ಬಹುಪಾಲು ಔಟ್‌ಬೋರ್ಡ್‌ಗಳಲ್ಲಿ ಇದು ತಿರುಗುಮುರುಗು. ಅಲ್ಲಿ ಕಿಡಿಗೆ ಬೇಕಾದ ವಿದ್ಯುತ್ತು ಬ್ಯಾಟರಿಯಿಂದ ಬರುವುದಿಲ್ಲ. ಫ್ಲೈವ್ಹೀಲ್‌ಗೆ ಅಂಟಿಸಿದ ಅಯಸ್ಕಾಂತಗಳು ತಿರುಗುವಾಗ ಪಕ್ಕದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಸಿಡಿಐ ಎಂಬ ಡಬ್ಬಿ ಕೂಡಿಟ್ಟು ಸ್ಪಾರ್ಕ್ ಪ್ಲಗ್ಗಿಗೆ ಬಿಡುತ್ತದೆ. ಹಗ್ಗ ಎಳೆದು ಫ್ಲೈವ್ಹೀಲ್ ತಿರುಗಿಸಿದರೆ ಸಾಕು, ಬ್ಯಾಟರಿಯೇ ಇಲ್ಲದೆ ಎಂಜಿನ್ ಓಡುತ್ತದೆ. ನಿಲ್ಲಿಸಬೇಕಾದರೆ ಆ ಡಬ್ಬಿಯಿಂದ ಹೊರಟ ಒಂದು ತಂತಿಯನ್ನು ಎಂಜಿನ್ನಿನ ಮೈಗೆ, ಅಂದರೆ ಗ್ರೌಂಡ್‌ಗೆ ತಾಗಿಸಬೇಕು. ತಾಗಿಸಿದರೆ ಕಿಡಿ ಸಾಯುತ್ತದೆ, ಬಿಟ್ಟರೆ ಬದುಕುತ್ತದೆ. ಹಳೆಯ ಬಜಾಜ್ ಸ್ಕೂಟರ್ ರಿಪೇರಿ ಮಾಡಿ ಕೈ ಕಪ್ಪಾದವರಿಗೆ ಈ ಕ್ರಮ ಗೊತ್ತು.

ಔಟ್‌ಬೋರ್ಡಿನ ಇಗ್ನಿಷನ್ ಸ್ವಿಚ್ಚಿನ ಬೆನ್ನಿಗೆ ಸಾಮಾನ್ಯವಾಗಿ ಆರು ಟರ್ಮಿನಲ್‌ಗಳಿರುತ್ತವೆ. ಬಿ ಎಂಬುದಕ್ಕೆ ಫ್ಯೂಸ್ ದಾಟಿ ಬಂದ ಬ್ಯಾಟರಿಯ ಪಾಸಿಟಿವ್. ಎಸ್‌ನಿಂದ ಸ್ಟಾರ್ಟರ್ ಸೊಲೆನಾಯ್ಡ್‌ಗೆ. ಎ ಎಂಬುದರಿಂದ ಮೀಟರುಗಳಿಗೆ. ಸಿ ಎಂಬುದರಿಂದ ಚೋಕ್‌ಗೆ. ಉಳಿದ ಎರಡರ ಮೇಲೂ ಎಂ ಎಂದೇ ಬರೆದಿರುತ್ತದೆ, ಮ್ಯಾಗ್ನೆಟೊ ಎಂಬುದರ ಎಂ. ಒಂದಕ್ಕೆ ಸಿಡಿಐಯಿಂದ ಬಂದ ನಿಲ್ಲಿಸುವ ತಂತಿ, ಇನ್ನೊಂದಕ್ಕೆ ಗ್ರೌಂಡ್. ಕೀ ಆಫ್‌ನಲ್ಲಿದ್ದಾಗ ಈ ಎರಡು ಎಂಗಳು ಒಂದನ್ನೊಂದು ಮುಟ್ಟಿಕೊಂಡಿರುತ್ತವೆ. ಆನ್ ಮಾಡಿದಾಗ ಬೇರೆಯಾಗುತ್ತವೆ. ಅಂದರೆ ಒಂದೇ ಸ್ವಿಚ್ಚಿನೊಳಗೆ, ಒಂದು ಬೆರಳಗಲದ ಜಾಗದಲ್ಲಿ, ಒಂದಕ್ಕೊಂದು ಎಂದೂ ಸೇರಬಾರದ ಎರಡು ವ್ಯವಸ್ಥೆಗಳು ವಾಸವಾಗಿವೆ.

ಕಾರಿನ ಅಭ್ಯಾಸದ ಆಟೋ ಎಲೆಕ್ಟ್ರಿಷಿಯನ್ ಇಲ್ಲಿಗೆ ಬಂದರೆ ಮೊದಲು ಮಾಡುವ ಕೆಲಸವನ್ನು ಊಹಿಸಿ. ಇಗ್ನಿಷನ್‌ಗೆ ಹೋಗುವ ತಂತಿ ಯಾವುದು ಎಂದು ಹುಡುಕಿ, ಅದಕ್ಕೆ 12 ವೋಲ್ಟ್ ಕೊಡುತ್ತಾನೆ. ಅವನ ಲೋಕದಲ್ಲಿ ಅದು ಸರಿ. ಇಲ್ಲಿ ಅದು ಸಿಡಿಐಯನ್ನು ಸುಡುವ ದಾರಿ. ಬಣ್ಣ ನೋಡಿ ಜೋಡಿಸುತ್ತೇನೆಂದರೆ ಅದೂ ಭರವಸೆಯಲ್ಲ. ಯಮಾಹದಲ್ಲಿ ನಿಲ್ಲಿಸುವ ತಂತಿ ಬಿಳಿ, ಗ್ರೌಂಡ್ ಕಪ್ಪು, ಸ್ಟಾರ್ಟ್ ಕಂದು, ಚೋಕ್ ನೀಲಿ. ಮರ್ಕ್ಯುರಿಯಲ್ಲಿ ನಿಲ್ಲಿಸುವ ತಂತಿ ಕಪ್ಪಿನ ಮೇಲೆ ಹಳದಿ ಗೆರೆ, ಚೋಕ್ ಹಳದಿಯ ಮೇಲೆ ಕಪ್ಪು ಗೆರೆ. ನಮ್ಮ ಮನೆಗಳ ವೈರಿಂಗ್‌ನಲ್ಲಿ ಕಪ್ಪು ಎಂದರೆ ನ್ಯೂಟ್ರಲ್, ನೀಲಿ ಎಂದರೆ ಮೂರು ಫೇಸುಗಳಲ್ಲೊಂದು. ಎಣ್ಣೆ, ಉಪ್ಪು, ಬಿಸಿಲು ಬಿದ್ದ ತಂತಿಯಲ್ಲಿ ಬಿಳಿ ಹಳದಿಯಾಗಿ, ಹಳದಿ ಕಂದಾಗಿ ಕಾಣುತ್ತದೆ. ಮಲ್ಟಿಮೀಟರ್ ಹಿಡಿದು ಎರಡೇ ನಿಮಿಷ ನೋಡಿದರೆ ಸತ್ಯ ಗೊತ್ತಾಗುತ್ತದೆ. ಮೊದಲು ಬ್ಯಾಟರಿ ಬಿಚ್ಚಿಡಿ, ಸ್ವಿಚ್ಚಿನ ತಂತಿಗಳನ್ನೂ ಕಳಚಿ. ಆಫ್‌ನಲ್ಲಿ ಎಂ-ಎಂ ಕೂಡಿರಬೇಕು. ಆನ್‌ನಲ್ಲಿ ಬಿ-ಎ ಕೂಡಿರಬೇಕು, ಎಂ-ಎಂ ಬಿಟ್ಟಿರಬೇಕು. ಸ್ಟಾರ್ಟ್‌ಗೆ ತಿರುಗಿಸಿದಾಗ ಬಿ-ಎಸ್ ಕೂಡಬೇಕು. ಕೀಯನ್ನು ಒಳಕ್ಕೆ ಒತ್ತಿದಾಗ ಬಿ-ಸಿ ಕೂಡಬೇಕು. ಯಾವ ಸ್ಥಾನದಲ್ಲೂ ಬಿ ಹೋಗಿ ಎಂ ಅನ್ನು ಮುಟ್ಟಬಾರದು.

ಎಂಜಿನ್ ಮಾಡಿದವರು ಯಾಕೆ ಹೀಗೆ ತಿರುಗುಮುರುಗು ಇಟ್ಟರು? ಸಮುದ್ರದಲ್ಲಿ ತಂತಿ ಕೊಳೆಯುವುದು ಖಚಿತ. ಕೊಳೆತ ಸ್ವಿಚ್ಚಿನಿಂದಾಗಿ ದಡದಿಂದ ಹತ್ತು ಮೈಲಿ ದೂರದಲ್ಲಿ ಎಂಜಿನ್ ನಿಂತುಬಿಟ್ಟರೆ ಜೀವಕ್ಕೆ ಅಪಾಯ. ಮ್ಯಾಗ್ನೆಟೊ ಕ್ರಮದಲ್ಲಿ ಹೊರಗಿನ ತಂತಿ ಪೂರ್ತಿ ಕಿತ್ತುಹೋದರೂ ಎಂಜಿನ್ ಓಡುತ್ತಲೇ ಇರುತ್ತದೆ, ಮನೆಗೆ ತಲುಪಿಸುತ್ತದೆ. ಮೀನುಗಾರನ ದೃಷ್ಟಿಯಿಂದ ಇದು ಸರಿಯಾದ ಆಯ್ಕೆ. ಆದರೆ ಇದೇ ಆಯ್ಕೆಗೆ ಇನ್ನೊಂದು ಬೆಲೆ ಇದೆ. ನಿಲ್ಲಿಸುವ ತಂತಿ ಕಡಿದುಹೋಗಿದ್ದರೆ ಕೀ ಆಫ್ ಮಾಡಿದರೂ ಎಂಜಿನ್ ಓಡುತ್ತಲೇ ಇರುತ್ತದೆ. ಆಳ ಸಮುದ್ರದಲ್ಲಿ ಅದು ಕಿರಿಕಿರಿ ಅಷ್ಟೆ. ಪೆರುಂಗುಡಿಯ ಬೀದಿಯಲ್ಲಿ, ಎದೆಮಟ್ಟದ ನೀರಿನಲ್ಲಿ ನಿಂತು ಮಗುವನ್ನು ಎತ್ತಿ ಕೊಡುತ್ತಿರುವ ಮನುಷ್ಯನ ಕಾಲಿಗೆ ಎರಡಡಿ ದೂರದಲ್ಲಿ ಪ್ರೊಪೆಲ್ಲರ್ ತಿರುಗುತ್ತಿರುವಾಗ ಹಾಗಲ್ಲ. ಕಡಲಿಗೆಂದು ಮಾಡಿದ ಎಂಜಿನ್ನನ್ನು ಬೀದಿಗೆ ತಂದಾಗ ಯಾವ ಅಪಾಯ ದೊಡ್ಡದು ಎಂಬ ಲೆಕ್ಕವೇ ಬದಲಾಗುತ್ತದೆ. ನಮ್ಮ ಬೋಟುಗಳ ಪಟ್ಟಿ ಮಾಡುವವರು ಈ ಬದಲಾವಣೆಯನ್ನು ಗಮನಿಸಿದಂತೆ ಕಾಣುವುದಿಲ್ಲ.

ಕೆಂಪು ದಾರ ಎಲ್ಲಿ ಹೋಯಿತು

ಇದಕ್ಕಾಗಿಯೇ ಇನ್ನೊಂದು ಸ್ವಿಚ್ಚಿದೆ. ಕೆಂಪು ಸುರುಳಿ ದಾರ, ಅದರ ತುದಿಗೆ ಪ್ಲಾಸ್ಟಿಕ್ ಕ್ಲಿಪ್. ದಾರದ ಒಂದು ತುದಿ ಬೋಟು ನಡೆಸುವವನ ಮಣಿಕಟ್ಟಿಗೋ ಲೈಫ್ ಜಾಕೆಟ್ಟಿಗೋ, ಕ್ಲಿಪ್ಪು ಸ್ವಿಚ್ಚಿಗೆ. ಅವನು ನೀರಿಗೆ ಬಿದ್ದರೆ ಕ್ಲಿಪ್ ಕಿತ್ತು ಬರುತ್ತದೆ, ಸ್ವಿಚ್ಚು ನಿಲ್ಲಿಸುವ ತಂತಿಯನ್ನು ಗ್ರೌಂಡ್‌ಗೆ ತಾಗಿಸುತ್ತದೆ. ಕೀಯ ಎಂ-ಎಂ ಜೋಡಿಗೆ ಸಮಾನಾಂತರವಾಗಿ ಕೂಡಿಸಿದ ಅಷ್ಟೇ ಸರಳ ಸರ್ಕ್ಯೂಟು.

2013ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಪ್ಯಾಡ್‌ಸ್ಟೋ ಬಳಿ ಒಂದು ಕುಟುಂಬದ ಆರು ಮಂದಿಯೂ ವೇಗದ ಬೋಟಿನಿಂದ ನೀರಿಗೆ ಬಿದ್ದರು. ಬೋಟು ಯಾರೂ ಇಲ್ಲದೆ ಸುತ್ತು ಹಾಕುತ್ತ ಮತ್ತೆ ಮತ್ತೆ ಅವರತ್ತಲೇ ಬಂತು. ತಂದೆ ಮತ್ತು ಎಂಟು ವರ್ಷದ ಮಗಳು ಸತ್ತರು, ಉಳಿದ ನಾಲ್ವರಿಗೆ ಗಾಯಗಳಾದವು. ದಾರವನ್ನು ಯಾರೂ ಕಟ್ಟಿಕೊಂಡಿರಲಿಲ್ಲ ಎಂಬುದು ಅಲ್ಲಿನ ಸಾಗರ ಅಪಘಾತ ತನಿಖಾ ಸಂಸ್ಥೆ ಕಂಡುಕೊಂಡ ಸಂಗತಿ. ಅಮೆರಿಕದಲ್ಲಿ 2021ರ ಏಪ್ರಿಲ್ 1ರಿಂದ 26 ಅಡಿಗಿಂತ ಚಿಕ್ಕ ಮೋಟಾರ್ ಬೋಟುಗಳಲ್ಲಿ ಈ ಸ್ವಿಚ್ಚನ್ನು ಬಳಸುವುದು ಕಾನೂನಾಯಿತು. ನಮ್ಮಲ್ಲಿ 2024ರ ಡಿಸೆಂಬರ್ 18ರಂದು ಮುಂಬೈ ಬಂದರಿನಲ್ಲಿ ಎಂಜಿನ್ ಪರೀಕ್ಷೆಗೆಂದು ಓಡುತ್ತಿದ್ದ ನೌಕಾಪಡೆಯ ವೇಗದ ಬೋಟೊಂದು ‘ನೀಲ್ ಕಮಲ್’ ಎಂಬ ಪ್ರಯಾಣಿಕರ ದೋಣಿಗೆ ಬಡಿದು ಹತ್ತಕ್ಕೂ ಹೆಚ್ಚು ಜನ ಸತ್ತರು. ಎಂಜಿನ್ ದೋಷದಿಂದ ಹಿಡಿತ ತಪ್ಪಿತೆಂದು ನೌಕಾಪಡೆ ಅಂದು ಹೇಳಿತು. ಆ ದೋಷ ನಾನು ಹೇಳುತ್ತಿರುವ ತಂತಿಯದು ಎಂದು ನಾನು ಹೇಳುತ್ತಿಲ್ಲ. ಓಡುತ್ತಿರುವ ಎಂಜಿನ್ನು ಮಾತು ಕೇಳದಿದ್ದರೆ ಏನಾಗುತ್ತದೆ ಎಂಬುದನ್ನು ಮಾತ್ರ ಅದು ತೋರಿಸಿತು.

ಈ ದಾರ ನಮ್ಮ ಬೋಟುಗಳಲ್ಲಿ ಕಾಣೆಯಾಗುವ ಬಗೆಯೂ ಒಂದು ಕಥೆ. ಕ್ಲಿಪ್ ಸಣ್ಣದು, ಕಳೆದುಹೋಗುತ್ತದೆ. ಕ್ಲಿಪ್ ಇಲ್ಲದೆ ಹಗ್ಗ ಎಳೆದರೆ ಕಿಡಿಯೇ ಬರುವುದಿಲ್ಲ. ಮಳೆ ಸುರಿಯುತ್ತಿದೆ, ಜನ ಕಾಯುತ್ತಿದ್ದಾರೆ, ಎಂಜಿನ್ ಕೆಟ್ಟಿದೆ ಎಂದು ಎಲ್ಲರೂ ತಿಳಿಯುತ್ತಾರೆ. ಕೊನೆಗೆ ತಿಳಿದವನೊಬ್ಬ ಬಂದು ಆ ಸ್ವಿಚ್ಚಿನ ತಂತಿಯನ್ನು ಕತ್ತರಿಸುತ್ತಾನೆ, ಎಂಜಿನ್ ಗುರ್‍ರೆಂದು ಎದ್ದು ಕೂರುತ್ತದೆ, ಅವನು ಅಂದಿನ ವೀರ. ಆ ಹೊತ್ತಿಗೆ ಅವನು ಮಾಡಿದ್ದು ಸರಿಯೇ. ಮಳೆ ನಿಂತ ಮೇಲೆ ಆ ತಂತಿಯನ್ನು ಮತ್ತೆ ಜೋಡಿಸುವವರು ಯಾರು? ಬೋಟು ಗೋಡೌನಿಗೆ ಹೋಗುತ್ತದೆ. ಮುಂದಿನ ವರ್ಷ ಬೇರೊಬ್ಬ ಬರುತ್ತಾನೆ. ಎಂಜಿನ್ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ, ಪಟ್ಟಿಯಲ್ಲಿ ‘ಸುಸ್ಥಿತಿಯಲ್ಲಿದೆ’ ಎಂದು ಟಿಕ್ ಬೀಳುತ್ತದೆ. ಇಂಥ ಒಂದು ಬೋಟನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕತ್ತರಿಸಿದ ತುದಿಗಳಿಗೆ ಇನ್ಸುಲೇಷನ್ ಟೇಪ್ ನೀಟಾಗಿ ಸುತ್ತಿತ್ತು.

ಚೋಕ್ ಎಂಬ ಹಳೆಯ ಗೆಳೆಯ

ಸ್ಟಾರ್ಟ್ ಮಾಡುವ ಕಡೆಯ ಮಾತೂ ಬೇಕು, ಏಕೆಂದರೆ ನಿಲ್ಲಿಸುವ ತಂತಿಗೆ ಕತ್ತರಿ ಬೀಳುವುದು ಸ್ಟಾರ್ಟ್ ಆಗದ ಸಿಟ್ಟಿನಲ್ಲೇ. ಚೋಕ್ ಮಾಡುವುದು ಇಷ್ಟೆ: ಕಾರ್ಬುರೇಟರಿನ ಬಾಯಿ ಮುಚ್ಚಿ, ಗಾಳಿ ಕಡಿಮೆ, ಪೆಟ್ರೋಲ್ ಹೆಚ್ಚು ಎಂಬಂಥ ಮಿಶ್ರಣವನ್ನು ತಣ್ಣಗಿರುವ ಎಂಜಿನ್‌ಗೆ ಕೊಡುವುದು. ಕೀ ಇರುವ ಬೋಟುಗಳಲ್ಲಿ ಕೀಯನ್ನು ಒಳಕ್ಕೆ ಒತ್ತಿದರೆ ಸಿ ಟರ್ಮಿನಲ್ಲಿನಿಂದ ಕರೆಂಟು ಹೋಗಿ ಒಂದು ಸಣ್ಣ ಸೊಲೆನಾಯ್ಡ್ ಆ ಬಾಯಿಯನ್ನು ಎಳೆದು ಮುಚ್ಚುತ್ತದೆ. ಸ್ಟಾರ್ಟ್ ಮಾಡುವಾಗ ಕೆಲವೇ ಕ್ಷಣ ಒತ್ತುವುದಕ್ಕೆಂದು ಇರುವ ಸಾಧನ ಅದು. ಚೆನ್ನೈಯ ಡಿಸೆಂಬರಿನಲ್ಲೂ ನಮ್ಮ ಚಳಿ ಎಂಜಿನ್‌ಗೆ ಚಳಿಯೇ ಅಲ್ಲ. ಗಾಬರಿಯಲ್ಲಿ ಹತ್ತು ಸಲ ಒತ್ತಿ ಹಿಡಿದರೆ ಪ್ಲಗ್ಗುಗಳು ಪೆಟ್ರೋಲಿನಲ್ಲಿ ನೆನೆದು ಕೂರುತ್ತವೆ, ಬ್ಯಾಟರಿ ಬಸವಳಿಯುತ್ತದೆ. ಆಗ ಚೋಕ್ ಬಿಟ್ಟು, ಥ್ರಾಟಲ್ ತುಸು ತೆರೆದು, ಹಗ್ಗ ಎಳೆದು ಒಳಗಿನ ಹೆಚ್ಚಿನ ಪೆಟ್ರೋಲನ್ನು ಹೊರಹಾಕುವುದೇ ಉಪಾಯ. ಹೊಸ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಚೋಕೇ ಇರುವುದಿಲ್ಲ, ಕೀ ಒತ್ತಿದರೆ ಏನೂ ಆಗುವುದಿಲ್ಲ. ಒಂದೇ ಗೋಡೌನಿನಲ್ಲಿ ಎರಡೂ ಬಗೆಯ ಎಂಜಿನ್ನುಗಳಿದ್ದರೆ ಯಾವುದಕ್ಕೆ ಏನು ಎಂದು ಬರೆದಂಟಿಸಿರಬೇಕಲ್ಲವೇ?

ಚೋಕಿನ ಇನ್ನೊಂದು ಉಪಯೋಗ ಹಳಬರಿಗೆ ಗೊತ್ತು. ಕಾರ್ಬುರೇಟರ್ ಎಂಜಿನ್ ಕೀಗೂ ದಾರಕ್ಕೂ ನಿಲ್ಲದಿದ್ದರೆ ಚೋಕನ್ನು ಪೂರ್ತಿ ಎಳೆಯಬೇಕು. ಗಾಳಿ ಸಿಗದೆ, ಪೆಟ್ರೋಲು ಉಕ್ಕಿ, ಎಂಜಿನ್ ಕೆಮ್ಮಿ ಸಾಯುತ್ತದೆ. ಪೆಟ್ರೋಲ್ ಪೈಪು ಕಿತ್ತರೂ ನಿಲ್ಲುತ್ತದೆ, ಆದರೆ ಒಳಗಿರುವುದು ಖಾಲಿಯಾಗುವವರೆಗೆ ಓಡಿಯೇ ನಿಲ್ಲುವುದು. ಹಾಗಾಗಿ ಬೋಟು ನಡೆಸುವವನಿಗೆ ಕೈಯಿಂದ ಎಳೆಯುವ ಚೋಕ್ ಗುಬಟು ಎಲ್ಲಿದೆ ಎಂಬುದು ಕತ್ತಲಲ್ಲೂ ಗೊತ್ತಿರಬೇಕು. ಚೋಕನ್ನು ಬರೀ ಸೊಲೆನಾಯ್ಡ್‌ಗೆ ಒಪ್ಪಿಸಿ, ಗುಬಟನ್ನು ಮುಚ್ಚಳದೊಳಗೆ ಮರೆಮಾಡಿದ ಜೋಡಣೆ ನನಗೆ ಒಪ್ಪಿಗೆಯಲ್ಲ.

ಸ್ಟಾರ್ಟ್ ತಂತಿಯ ದಾರಿಯಲ್ಲಿ ನ್ಯೂಟ್ರಲ್ ಸ್ವಿಚ್ ಒಂದಿರುತ್ತದೆ. ಗೇರಿನಲ್ಲಿದ್ದಾಗ ಸ್ಟಾರ್ಟ್ ಆಗಬಾರದು ಎಂಬುದಕ್ಕೆ. ಅದರ ಕಾಂಟ್ಯಾಕ್ಟು ತುಕ್ಕು ಹಿಡಿದಾಗ ತುಂಡು ತಂತಿಯಿಂದ ಅದನ್ನು ದಾಟಿಸಿಬಿಡುವುದು ಎರಡನೆಯ ಸಾಮಾನ್ಯ ‘ರಿಪೇರಿ’. ಪರಿಣಾಮವಾಗಿ ಕೀ ತಿರುಗಿಸಿದ ಕೂಡಲೇ ಬೋಟು ಮುಂದಕ್ಕೆ ಹಾರುತ್ತದೆ, ಹತ್ತುತ್ತಿದ್ದವರು ನೀರಿಗೆ. ತುಕ್ಕು ಬರದಂತೆ ಮಾಡುವ ವಿದ್ಯೆ ಗುಟ್ಟೇನಲ್ಲ. ತವರ ಲೇಪಿಸಿದ ತಾಮ್ರದ ತಂತಿ, ಸರಿಯಾಗಿ ಅದುಮಿ ಕೂರಿಸಿದ ಲಗ್ಗು, ಬಿಸಿ ಮಾಡಿದರೆ ಅಂಟಿ ಕೂರುವ ತೋಳು, ಬ್ಯಾಟರಿಗೆ ಗೇಣು ದೂರದೊಳಗೆ ಫ್ಯೂಸು. ತಿರುಚಿ ಟೇಪ್ ಸುತ್ತಿದ ಜೋಡಣೆ ಉಪ್ಪು ಗಾಳಿಗೆ ಒಂದು ಮಳೆಗಾಲವೂ ಬಾಳುವುದಿಲ್ಲ.

ನಮ್ಮ ಕರಾವಳಿಗೂ ಬಂದಿರುವ ಪ್ರಶ್ನೆ

ಕರ್ನಾಟಕದಲ್ಲಿ ಓದುತ್ತಿರುವವರು ಇದು ಚೆನ್ನೈಯ ನೆರೆಯ ವಿಚಾರ ಎಂದು ಪಕ್ಕಕ್ಕಿಡಬಾರದು. ಮಲ್ಪೆ, ಗಂಗೊಳ್ಳಿ, ಉಪ್ಪುಂದದ ನಾಡದೋಣಿಗಳು ದಶಕಗಳಿಂದ ಓಡುತ್ತಿರುವುದು ಸೀಮೆಎಣ್ಣೆಯ ಔಟ್‌ಬೋರ್ಡ್‌ಗಳ ಮೇಲೆ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳಿಸುವ ಎಂಜಿನ್ನುಗಳವು. ಚೋಕ್ ಎಷ್ಟು ಎಳೆಯಬೇಕು, ಯಾವಾಗ ಬಿಡಬೇಕು ಎಂಬುದು ಅಲ್ಲಿನ ಕೈಗಳಿಗೆ ಮಾತಿಲ್ಲದೆ ಗೊತ್ತು. ಸಬ್ಸಿಡಿ ಸೀಮೆಎಣ್ಣೆ ಸಿಗದೆ ಮೀನುಗಾರರು ಬೀದಿಗಿಳಿದ ಸುದ್ದಿ ಪ್ರತಿ ವರ್ಷವೂ ಓದುತ್ತೇವೆ. 2023ರ ಜುಲೈ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಈ ಎಂಜಿನ್ನುಗಳನ್ನು ಪೆಟ್ರೋಲ್ ಅಥವಾ ಡೀಸೆಲ್ಲಿಗೆ ಬದಲಿಸಲು ತಲಾ 50,000 ರೂಪಾಯಿ ಸಹಾಯಧನ ಘೋಷಿಸಿತು. ಒಳ್ಳೆಯದೇ.

ಆದರೆ ಎಂಜಿನ್ ಬದಲಾದಾಗ ಅಭ್ಯಾಸವೂ ಬದಲಾಗುತ್ತದೆ. ಹಗ್ಗದ ಜಾಗಕ್ಕೆ ಕೀ ಬರುತ್ತದೆ, ಕೈಯ ಜಾಗಕ್ಕೆ ಬ್ಯಾಟರಿ ಬರುತ್ತದೆ, ಸರಳ ಎಂಜಿನ್ನಿನ ಜಾಗಕ್ಕೆ ಆರು ತಂತಿಗಳ ಸ್ವಿಚ್ಚು ಬರುತ್ತದೆ. ಗಂಗೊಳ್ಳಿಯ ಮೆಕ್ಯಾನಿಕ್ ಒಬ್ಬರು ಒಮ್ಮೆ ನನಗೆ ಹೇಳಿದ್ದು: ‘ಸ್ವಿಚ್ಚೆಲ್ಲ ಒಂದಿನ ತುಕ್ಕ್ ಹಿಡಿತ್ತ್ ಮಾರಾಯ್ರೆ, ಹಗ್ಗ ಇರ್ಲಿ.’ ಅದು ಹಳೆಯ ಕಾಲದ ಮೋಹವಲ್ಲ, ಉಪ್ಪು ನೀರಿನ ಅನುಭವ. ಸಹಾಯಧನದ ಮಾತು ಎಂಜಿನ್ನಿನ ಸುತ್ತಲೇ ಸುತ್ತುತ್ತಿದೆ. ಆ ಎಂಜಿನ್ನಿನ ಜೊತೆಗೆ ಕೈ ಹಗ್ಗ ಉಳಿದಿದೆಯೇ, ನಿಲ್ಲಿಸುವ ದಾರ ಇದೆಯೇ, ಕನ್ನಡದಲ್ಲಿ ಒಂದು ವೈರಿಂಗ್ ನಕ್ಷೆ ಸಿಗುತ್ತದೆಯೇ ಎಂದು ಕೇಳಲು ಇದೇ ತಕ್ಕ ಸಮಯ. ಒಮ್ಮೆ ಸಾವಿರಾರು ಎಂಜಿನ್ನು ಹಂಚಿಯಾದ ಮೇಲೆ ಕೇಳಿ ಪ್ರಯೋಜನವಿಲ್ಲ.

ಇದಕ್ಕೆ ಬರುವ ಆಕ್ಷೇಪಗಳನ್ನು ಬಲ್ಲೆ. ಮೊದಲನೆಯದು, ಬಲೆ ಬೀಸುವವನು ಕ್ಷಣಕ್ಕೊಮ್ಮೆ ಏಳುತ್ತಾನೆ, ಬಾಗುತ್ತಾನೆ. ದಾರ ಕಟ್ಟಿಕೊಂಡರೆ ಎಂಜಿನ್ ಪದೇ ಪದೇ ನಿಲ್ಲುತ್ತದೆ. ಇದು ನಿಜವಾದ ತೊಂದರೆ. ನಾಲ್ಕು ಜನ ಒಟ್ಟಿಗೆ ದುಡಿಯುವ ಮೀನು ದೋಣಿಗೆ ದಾರವನ್ನು ಕಡ್ಡಾಯ ಮಾಡಿ ದಂಡ ಹಾಕುವ ಕಾನೂನು ಬೇಕೆಂದು ನಾನು ಹೇಳಲಾರೆ. ಒಬ್ಬನೇ ಹೋಗುವಾಗ, ರಾತ್ರಿ ಹೋಗುವಾಗ, ಅಳಿವೆಯ ಅಲೆ ದಾಟುವಾಗ ಕಟ್ಟಿಕೊಳ್ಳಲಿ. ಆದರೆ ರಕ್ಷಣೆಗೆಂದೇ ಇರುವ ಬೋಟಿನಲ್ಲಿ ಈ ನೆಪ ನಡೆಯದು. ಅಲ್ಲಿ ಸುತ್ತಲೂ ನೀರಿನಲ್ಲಿ ಜನರೇ ಇರುತ್ತಾರೆ.

ಎರಡನೆಯದು, ಕಡಲಿನ ಮಕ್ಕಳಿಗೆ ಎಂಜಿನ್ ಪಾಠ ಹೇಳಲು ಆಫೀಸಿನಲ್ಲಿ ಕೂರುವ ನೀನು ಯಾರು? ಮೀನುಗಾರರಿಗೆ ಗೊತ್ತಿಲ್ಲವೆಂಬುದು ನನ್ನ ಮಾತಿನ ಅರ್ಥವಲ್ಲ. ಅವರ ಎಂಜಿನ್ನು ಅವರ ಕೈಯಲ್ಲಿ ದಿನವೂ ಇರುತ್ತದೆ, ಅದರ ಕೆಮ್ಮು ಅವರಿಗೆ ಗೊತ್ತು. ವರ್ಷಕ್ಕೊಮ್ಮೆ ಗೋಡೌನಿನಿಂದ ಹೊರಬರುವ, ಯಾರ ಕೈಯಲ್ಲೂ ಪಳಗದ ಬೋಟಿಗೆ ಆ ಜ್ಞಾನವನ್ನು ಕಾಗದಕ್ಕಿಳಿಸಿ ಅಂಟಿಸಬೇಕಾಗುತ್ತದೆ. ಬರೆಯಬೇಕಾದದ್ದು ಮೀನುಗಾರರೂ ಮೆಕ್ಯಾನಿಕ್‌ಗಳೂ ಬಳಸುವ ಮಾತಿನಲ್ಲೇ. ನಾನು ನೋಡಿದ ಎಂಜಿನ್ ಕೈಪಿಡಿಗಳೆಲ್ಲ ಇಂಗ್ಲಿಷಿನವು, ಮಡಿಕೆ ಬಿಚ್ಚದೆ ಕವರಿನಲ್ಲೇ ಇದ್ದವು.

ಮೂರನೆಯದು, ಕೀ ಮತ್ತು ಬ್ಯಾಟರಿ ಬೇಡವೇ? ಖಂಡಿತ ಬೇಕು. 40 ಅಶ್ವಶಕ್ತಿಯ ಎಂಜಿನ್ನಿನ ಹಗ್ಗವನ್ನು ಎಳೆಯುವ ತೋಳು ಎಲ್ಲರಿಗೂ ಇರುವುದಿಲ್ಲ. ಬಟನ್ ಇದ್ದರೆ ಹೆಂಗಸರೂ ವಯಸ್ಸಾದವರೂ ಬೋಟು ನಡೆಸಬಲ್ಲರು, ಅದು ಸಣ್ಣ ಮಾತಲ್ಲ. ಆದರೆ ಹತ್ತು ತಿಂಗಳು ಮೂಲೆಯಲ್ಲಿ ಕೂತ ಬ್ಯಾಟರಿ ಸತ್ತಿರುತ್ತದೆ ಎಂದೇ ಎಣಿಸಿ ಹಗ್ಗವನ್ನೂ ಉಳಿಸಿಕೊಳ್ಳಬೇಕು.

ಹಾಗಾದರೆ ಕೇಳಬೇಕಾದದ್ದು ಏನು? ದೊಡ್ಡ ಯೋಜನೆಯೇನೂ ಬೇಡ. ಬೋಟು ಕೊಳ್ಳುವ ಟೆಂಡರಿನಲ್ಲಿ ಅಶ್ವಶಕ್ತಿಯ ಸಾಲಿನ ಕೆಳಗೆ ಮೂರು ಸಾಲು ಸೇರಲಿ: ದಾರದ ನಿಲುಗಡೆ ಸ್ವಿಚ್ಚು ಇರಬೇಕು, ಎರಡು ಹೆಚ್ಚುವರಿ ಕ್ಲಿಪ್ಪು ಎಂಜಿನ್ನಿಗೇ ಕಟ್ಟಿರಬೇಕು, ಕೈ ಹಗ್ಗ ಮತ್ತು ಕೈ ಚೋಕ್ ಹೊರಗಿನಿಂದಲೇ ಸಿಗುವಂತಿರಬೇಕು. ಹೆಚ್ಚುವರಿ ಕ್ಲಿಪ್ಪಿದ್ದರೆ ಕತ್ತರಿ ಹಿಡಿಯುವ ಪ್ರಮೇಯವೇ ಬರುವುದಿಲ್ಲ. ಎಂಜಿನ್ ಮುಚ್ಚಳದ ಒಳಮೈಗೆ ಸ್ಥಳೀಯ ಭಾಷೆಯಲ್ಲಿ, ಇಲ್ಲಿ ತಮಿಳು, ನಮ್ಮಲ್ಲಿ ಕನ್ನಡ, ಒಂದು ಪುಟದ ನಕ್ಷೆ ಲ್ಯಾಮಿನೇಟ್ ಮಾಡಿ ಅಂಟಿಸಲಿ. ಯಾವ ಬಣ್ಣದ ತಂತಿ ಏನು ಕೆಲಸ ಮಾಡುತ್ತದೆ, ಯಾವುದಕ್ಕೆ ಬ್ಯಾಟರಿ ತಾಗಿಸಲೇಬಾರದು ಎಂಬುದು ಅದರಲ್ಲಿರಲಿ. ಮಳೆಗಾಲಕ್ಕೆ ಮುಂಚಿನ ತಪಾಸಣೆಯ ಪಟ್ಟಿಯಲ್ಲಿ ‘ಸ್ಟಾರ್ಟ್ ಆಯಿತು’ ಎಂಬುದರ ಪಕ್ಕ ಇನ್ನೆರಡು ಚೌಕಗಳಿರಲಿ: ‘ಕೀಯಿಂದ ನಿಂತಿತು’, ‘ದಾರದಿಂದ ನಿಂತಿತು’.

ಪೆರುಂಗುಡಿಯಂಥ ಕಡೆ ಅಪಾರ್ಟ್‌ಮೆಂಟ್ ಸಂಘಗಳೇ ಬೋಟು ಕೊಳ್ಳುವ ಮಾತಾಡುತ್ತಿವೆ. ನಿಮ್ಮ ಸಂಘದಲ್ಲೂ ಆ ಮಾತು ಬಂದರೆ, ಮಾರುವವನು ಒಂದು ಎಳೆತಕ್ಕೆ ಎಂಜಿನ್ ಎಬ್ಬಿಸಿ ತೋರಿಸಿದಾಗ ಚಪ್ಪಾಳೆ ತಟ್ಟಬೇಡಿ. ಡ್ರಮ್ಮಿನ ನೀರಿನಲ್ಲಿ ಪ್ರೊಪೆಲ್ಲರ್ ಮುಳುಗಿಸಿ, ಗೇರ್ ಹಾಕದೆ ಎಂಜಿನ್ ಓಡುತ್ತಿರಲಿ. ಕ್ಲಿಪ್ ಎಳೆಯಿರಿ. ಕೂಡಲೇ ನಿಲ್ಲಬೇಕು. ಮತ್ತೆ ಎಬ್ಬಿಸಿ ಕೀ ಆಫ್ ಮಾಡಿ, ಆಗಲೂ ನಿಲ್ಲಬೇಕು. ನಿಲ್ಲದಿದ್ದರೆ ಎಷ್ಟು ಕಡಿಮೆ ಬೆಲೆಯದಾದರೂ ಆ ಬೋಟನ್ನು ಮನೆಗೆ ತರಬೇಡಿ. ತಂದಾಗಿದ್ದರೆ, ಸ್ವಿಚ್ಚಿನ ಬೆನ್ನು ಬಿಚ್ಚಿ ಆ ಎರಡು ಎಂಗಳನ್ನು ಹುಡುಕಿ, ಅಕ್ಟೋಬರ್ ಬರುವ ಮೊದಲು.